ರಕ್ತ ಕ್ಯಾನ್ಸರ್: ದಾನಿ ಮನೆಯಲ್ಲೇ ಇದ್ದಾರೆ, ದೂರವಿರುವುದು ಆಸ್ಪತ್ರೆ

ಜಿಲ್ಲಾ ಆಸ್ಪತ್ರೆಗಳಲ್ಲಿಯೇ ಕ್ಯಾನ್ಸರ್ ರೋಗಿಗಳಿಗೆ ಹಗಲು ಆರೈಕೆ ಕೇಂದ್ರಗಳನ್ನು ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಘೋಷಿಸಿತು. ಮೂರು ವರ್ಷಗಳಲ್ಲಿ ದೇಶದ ಎಲ್ಲ ಜಿಲ್ಲೆಗಳಿಗೆ, ಮೊದಲ ವರ್ಷ 200 ಕೇಂದ್ರಗಳು ಎಂಬುದು ಅದರ ಲೆಕ್ಕ. ಅದೇ ವರ್ಷದ ಮೇ ತಿಂಗಳಿನಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಆರೈಕೆಯ ಕೀಮೋಥೆರಪಿಗೆ ಚಾಲನೆ ನೀಡಿತು. ಸ್ತನ ಅಥವಾ ಕರುಳಿನ ಕ್ಯಾನ್ಸರ್‌ಗೆ ಔಷಧ ಪಡೆಯುತ್ತಿರುವವರಿಗೆ ಇದು ನಿಜವಾದ ಉಪಕಾರ. ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳಬಹುದಾದ ಚಿಕಿತ್ಸೆ ಅದು.

ಆದರೆ ಕ್ಯಾನ್ಸರ್‌ಗಳಲ್ಲಿ ಒಂದು ಗುಂಪು ಈ ವ್ಯವಸ್ಥೆಯ ಹೊರಗೇ ಉಳಿಯುತ್ತದೆ. ಅದು ವಯಸ್ಕರ ತೀವ್ರ ಲ್ಯುಕೇಮಿಯಾ, ಜನರ ಮಾತಿನಲ್ಲಿ ಬ್ಲಡ್ ಕ್ಯಾನ್ಸರ್. ಇದರ ಚಿಕಿತ್ಸೆ ಹಗಲಿನಲ್ಲಿ ಮುಗಿಯುವುದಿಲ್ಲ. ಮೊದಲ ಸುತ್ತಿಗೇ ಸುಮಾರು ನಾಲ್ಕು ವಾರ ಆಸ್ಪತ್ರೆಯಲ್ಲಿರಬೇಕು. ಅನಂತರ ಹಲವರಿಗೆ ಬೇಕಾಗುವುದು ಆಕರಕೋಶಗಳ ಕಸಿ, ಅಂದರೆ ಸ್ಟೆಮ್ ಸೆಲ್ ಅಥವಾ ಅಸ್ಥಿಮಜ್ಜೆಯ ಕಸಿ. ಚಾಮರಾಜನಗರ, ಗುಂಡ್ಲುಪೇಟೆಯಂತಹ ಗಡಿ ಊರುಗಳ ಕುಟುಂಬಗಳು ಈ ಹೆಸರು ಕೇಳಿದೊಡನೆ ಕೇಳುವ ಪ್ರಶ್ನೆ ಒಂದೇ: ‘ಹೊಂದುವ ದಾನಿ ಸಿಗುತ್ತಾರೆಯೇ?’ ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಅದು ಸರಿಯಾದ ಪ್ರಶ್ನೆಯಾಗಿತ್ತು. ಇಂದು ಬಹುತೇಕ ಎಲ್ಲರಿಗೂ ದಾನಿ ಇದ್ದಾರೆ, ಅದೂ ಮನೆಯಲ್ಲಿಯೇ. ಉಳಿದಿರುವ ತೊಡಕುಗಳು ಬೇರೆ: ಸಕಾಲದ ಪತ್ತೆ, ಸೋಂಕು, ಹಣ ಮತ್ತು ದೂರ. ಸರ್ಕಾರದ ಯೋಜನೆಗಳು ಇನ್ನೂ ಹಳೆಯ ಪ್ರಶ್ನೆಯ ಸುತ್ತಲೇ ಇವೆ.

ಎಲ್ಲರಿಗೂ ಕಸಿ ಬೇಕಿಲ್ಲ

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ತೀವ್ರ ಲ್ಯುಕೇಮಿಯಾ ಎಂದಾಕ್ಷಣ ಕಸಿಯೇ ಗತಿ ಎಂದಲ್ಲ. ಪ್ರೊಮೈಲೊಸೈಟಿಕ್ ಎಂಬ ಉಪವಿಧಕ್ಕೆ ರೆಟಿನಾಯ್ಕ್ ಆಮ್ಲ ಮತ್ತು ಆರ್ಸೆನಿಕ್ ಟ್ರೈಆಕ್ಸೈಡ್ ಜೋಡಿಯೇ ಸಾಕು. ಮೊದಲ ವಾರಗಳ ರಕ್ತಸ್ರಾವವನ್ನು ದಾಟಿದವರಲ್ಲಿ ಬಹುಪಾಲು ಮಂದಿ ಗುಣಮುಖರಾಗುತ್ತಾರೆ. ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಕೆಲವು ವರ್ಣತಂತು ಬದಲಾವಣೆಗಳು ಒಳ್ಳೆಯ ಸೂಚನೆಗಳು. ಎನ್‌ಪಿಎಂ1 ವಂಶವಾಹಿಯ ಬದಲಾವಣೆಯಿದ್ದು, ಎಫ್‌ಎಲ್‌ಟಿ3 ದೋಷವಿಲ್ಲದವರೂ ಈ ಗುಂಪಿಗೇ ಸೇರುತ್ತಾರೆ. ಇಂಥವರಿಗೆ ಔಷಧದಿಂದಲೇ ರೋಗ ಅಡಗಿದರೆ ಕಸಿಯ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯ ಸಾಮಾನ್ಯವಾಗಿ ಇಲ್ಲ. 24 ಪ್ರಯೋಗಗಳ ಸುಮಾರು ಆರು ಸಾವಿರ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಇದನ್ನೇ ಹೇಳಿತು: ಮಧ್ಯಮ ಮತ್ತು ಹೆಚ್ಚು ಅಪಾಯದ ಗುಂಪಿಗೆ ಮೊದಲ ಉಪಶಮನದಲ್ಲಿಯೇ ಕಸಿ ಮಾಡುವುದು ಲಾಭ, ಕಡಿಮೆ ಅಪಾಯದವರಿಗೆ ಲಾಭವಿಲ್ಲ.

ಲಿಂಫಾಯ್ಡ್ ಲ್ಯುಕೇಮಿಯಾದ ಚಿತ್ರವೂ ಬದಲಾಗುತ್ತಿದೆ. ವಯಸ್ಕರಲ್ಲಿ ಕಾಲುಭಾಗದಷ್ಟು ಮಂದಿಗೆ ಫಿಲಡೆಲ್ಫಿಯಾ ವರ್ಣತಂತು ಎಂಬ ದೋಷ ಇರುತ್ತದೆ. ಹಿಂದೆ ಅದು ಅತಿ ಕೆಟ್ಟ ಸೂಚನೆಯಾಗಿತ್ತು. ಇಮಾಟಿನಿಬ್, ಡಾಸಾಟಿನಿಬ್‌ನಂತಹ ಮಾತ್ರೆಗಳು ಬಂದ ಮೇಲೆ ಪರಿಸ್ಥಿತಿ ಹಾಗಿಲ್ಲ. ಚಿಕಿತ್ಸೆಯ ನಂತರ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ರೋಗ ಉಳಿದಿದೆಯೇ ಎಂಬ ಪರೀಕ್ಷೆಯೇ, ವೈದ್ಯರ ಮಾತಿನಲ್ಲಿ ಎಂಆರ್‌ಡಿ, ಕಸಿ ಬೇಕೋ ಬೇಡವೋ ಎಂಬುದನ್ನು ಇಂದು ಹೆಚ್ಚಾಗಿ ನಿರ್ಧರಿಸುತ್ತದೆ. ಆದ್ದರಿಂದ ರೋಗ ಪತ್ತೆಯಾದ ವಾರದಲ್ಲಿ ಕುಟುಂಬ ವೈದ್ಯರನ್ನು ಮೊದಲು ಕೇಳಬೇಕಾದುದು ದಾನಿಯ ಬಗೆಗಲ್ಲ, ವರ್ಣತಂತು ಮತ್ತು ವಂಶವಾಹಿ ಪರೀಕ್ಷೆಗಳ ಬಗೆಗೆ. ಆ ವರದಿಯಿಲ್ಲದೆ ಕಸಿಯ ಮಾತು ಕತ್ತಲೆಯಲ್ಲಿ ಕಲ್ಲು ಎಸೆದಂತೆ.

ಕಸಿಯ ತಿರುಳು

ಕಸಿ ಎಂದರೆ ಮೂಳೆಯ ಶಸ್ತ್ರಚಿಕಿತ್ಸೆ ಎಂಬ ಭಾವನೆ ವ್ಯಾಪಕವಾಗಿದೆ. ರೋಗಿಯ ಪಾಲಿಗೆ ಅದು ರಕ್ತ ಏರಿಸಿದಂತೆಯೇ ಕಾಣುವ ಒಂದು ಚೀಲ. ಅದಕ್ಕೆ ಮುಂಚೆ ಪ್ರಬಲ ಔಷಧಗಳಿಂದ, ಕೆಲವೊಮ್ಮೆ ವಿಕಿರಣದಿಂದ, ರೋಗಿಯ ಮಜ್ಜೆಯನ್ನು ಬರಿದುಮಾಡಲಾಗುತ್ತದೆ. ಆಮೇಲೆ ದಾನಿಯ ಆಕರಕೋಶಗಳು ರಕ್ತನಾಳದ ಮೂಲಕ ಒಳಹೊಕ್ಕು ಮೂಳೆಗಳೊಳಗೆ ತಾವೇ ದಾರಿ ಹುಡುಕಿಕೊಂಡು ನೆಲೆಸುತ್ತವೆ. ಎರಡು ಮೂರು ವಾರಗಳಲ್ಲಿ ಹೊಸ ರಕ್ತ ಹುಟ್ಟತೊಡಗುತ್ತದೆ.

ಹೊಸ ರಕ್ತದ ಜೊತೆ ಬರುವ ದಾನಿಯ ರೋಗನಿರೋಧಕ ಕೋಶಗಳೇ ಇಲ್ಲಿ ನಿಜವಾದ ಔಷಧ. ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ಪರಕೀಯವೆಂದು ಗುರುತಿಸಿ ಕೊಲ್ಲುವುದು ಅವೇ. ತದ್ರೂಪಿ ಅವಳಿಯಿಂದ ಕಸಿ ಪಡೆದವರಲ್ಲಿ ರೋಗ ಮರುಕಳಿಸುವುದು ಹೆಚ್ಚು ಎಂಬ ಅನುಭವ ಇದಕ್ಕೆ ಪುರಾವೆ. ಅದೇ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತನ್ನೂ ಪರಕೀಯವೆಂದು ಭಾವಿಸಿ ದಾಳಿ ಮಾಡಿದರೆ ಅದು ಜಿವಿಎಚ್‌ಡಿ ಎಂಬ ತೊಡಕು. ಬಂದ ಅತಿಥಿ ಕಳ್ಳನನ್ನು ಓಡಿಸಬೇಕು, ಮನೆಯವರನ್ನು ಹೊಡೆಯಬಾರದು. ಅರ್ಧ ಶತಮಾನದ ಕಸಿ ಸಂಶೋಧನೆಯೆಲ್ಲ ಈ ಒಂದು ಹದಕ್ಕಾಗಿ ನಡೆದದ್ದು. 1950ರ ದಶಕದಲ್ಲಿ ಅಮೆರಿಕದಲ್ಲಿ ಈ ಪ್ರಯೋಗಕ್ಕೆ ಕೈಹಾಕಿದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಭಾರತದಲ್ಲಿ 1983ರ ಮಾರ್ಚ್‌ನಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿ ಅವರು ಲ್ಯುಕೇಮಿಯಾ ಇದ್ದ 9 ವರ್ಷದ ಬಾಲಕಿಗೆ ಆಕೆಯ ಸಹೋದರನ ಮಜ್ಜೆಯನ್ನು ನೀಡಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1986ರಲ್ಲಿ ಆ ದಾರಿ ಹಿಡಿಯಿತು.

ನಾಲ್ಕು ಬಾಗಿಲುಗಳು

ದಾನಿಯ ಹೊಂದಾಣಿಕೆಯನ್ನು ಅಳೆಯುವುದು ರಕ್ತದ ಗುಂಪಿನಿಂದಲ್ಲ, ಎಚ್‌ಎಲ್‌ಎ ಎಂಬ ಗುರುತುಗಳಿಂದ. ಇವು ಆರನೆಯ ವರ್ಣತಂತುವಿನಲ್ಲಿ ಒಂದು ಗುಚ್ಛವಾಗಿರುತ್ತವೆ. ತಂದೆಯಿಂದ ಒಂದು ಗುಚ್ಛ, ತಾಯಿಯಿಂದ ಒಂದು. ಹಾಗಾಗಿ ಒಡಹುಟ್ಟಿದ ಒಬ್ಬರು ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಬ್ಬರೇ ಸಹೋದರ ಅಥವಾ ಸಹೋದರಿ ಇದ್ದರೆ ಶೇ 25, ಇಬ್ಬರಿದ್ದರೆ ಶೇ 44, ಮೂವರಿದ್ದರೆ ಶೇ 58. ಇಲ್ಲಿಯೇ ಕಾಲದ ಬದಲಾವಣೆ ಕಾಣುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದ ಒಟ್ಟು ಫಲವಂತಿಕೆ ದರ 1.7. ಇಂದಿನ ಐವತ್ತರ ರೋಗಿಗೆ ನಾಲ್ಕೈದು ಮಂದಿ ಒಡಹುಟ್ಟಿದವರು ಇರಬಹುದು. ಇಪ್ಪತ್ತೈದರ ರೋಗಿಗೆ ಒಬ್ಬರು, ಅಥವಾ ಅದೂ ಇಲ್ಲ. ಪೂರ್ಣ ಹೊಂದುವ ಸಹೋದರ ದಾನಿ ಎಂಬುದು ತಲೆಮಾರಿನಿಂದ ತಲೆಮಾರಿಗೆ ಕರಗುತ್ತಿರುವ ಆಸ್ತಿ.

ದಕ್ಷಿಣದ ಕುಟುಂಬಗಳಿಗೆ ಒಂದು ವಿಶೇಷವೂ ಇದೆ. ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿ ಇಲ್ಲಿ ಹಳೆಯದು. ಅಂಥ ಮನೆತನಗಳಲ್ಲಿ ಒಂದೇ ಎಚ್‌ಎಲ್‌ಎ ಗುಚ್ಛ ಎರಡು ಕಡೆಯಿಂದಲೂ ಬಂದಿರುವ ಸಂಭವ ಇರುವುದರಿಂದ ಒಡಹುಟ್ಟಿದವರಾಚೆಗೆ, ತಂದೆ ತಾಯಿ, ಮಕ್ಕಳು, ಚಿಕ್ಕಪ್ಪ, ಸೋದರತ್ತೆಯವರಲ್ಲಿಯೂ ಪೂರ್ಣ ಹೊಂದಾಣಿಕೆ ಸಿಗಬಹುದು. ರಕ್ತಸಂಬಂಧದ ವಿವಾಹದ ಆರೋಗ್ಯ ಹಾನಿಗಳು ಬೇರೆಯೇ ಚರ್ಚೆ. ಆದರೆ ಕಸಿಯ ಹೊತ್ತಿನಲ್ಲಿ ವಂಶವೃಕ್ಷವನ್ನು ವೈದ್ಯರ ಮುಂದೆ ಪೂರ್ಣವಾಗಿ ಬಿಡಿಸಿಡುವುದು ಜಾಣತನ.

ಎರಡನೆಯ ಬಾಗಿಲು ಸಂಬಂಧವಿಲ್ಲದ ದಾನಿ. ಜಗತ್ತಿನ ನೋಂದಣಿಗಳಲ್ಲಿ ಇಂದು ನಾಲ್ಕು ಕೋಟಿಗೂ ಹೆಚ್ಚು ಸ್ವಯಂಪ್ರೇರಿತ ದಾನಿಗಳಿದ್ದಾರೆ. ಭಾರತದಲ್ಲಿ ಚೆನ್ನೈ ಮೂಲದ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಮುಂತಾದ ಸಂಸ್ಥೆಗಳು ಈ ಕೆಲಸ ಮಾಡುತ್ತಿವೆ. ಆದರೆ ಎಚ್‌ಎಲ್‌ಎ ಎಂಬುದು ವಂಶದ ಚರಿತ್ರೆ. ಅಮೆರಿಕದ ನೋಂದಣಿಯನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಲೆಕ್ಕಾಚಾರದಂತೆ, ಯುರೋಪ್ ಮೂಲದ ಬಿಳಿಯರಿಗೆ ಪೂರ್ಣ ಹೊಂದುವ ದಾನಿ ಸಿಗುವ ಸಾಧ್ಯತೆ ಶೇ 75. ದಕ್ಷಿಣ ಏಷ್ಯಾ ಮೂಲದವರಿಗೆ ಅದು ಸುಮಾರು ಮೂರರಲ್ಲಿ ಒಂದು. ಒಳವಿವಾಹದಿಂದ ಸಾವಿರಾರು ಸಣ್ಣ ಸಮುದಾಯಗಳಾಗಿ ಹಂಚಿಹೋಗಿರುವ ಸಮಾಜದಲ್ಲಿ ಇದು ಅನಿರೀಕ್ಷಿತವೇನಲ್ಲ. ನಗರದ ಕಾಲೇಜು, ಸಾಫ್ಟ್‌ವೇರ್ ಕಂಪನಿಗಳಲ್ಲಿ ನಡೆಯುವ ನೋಂದಣಿ ಶಿಬಿರಗಳು ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನಾಗಲಿ, ಬಂಡೀಪುರದ ಅಂಚಿನ ಜೇನು ಕುರುಬರನ್ನಾಗಲಿ ತಲುಪುವುದು ಸುಲಭವಲ್ಲ. ಹುಡುಕಾಟಕ್ಕೆ ಎರಡು ಮೂರು ತಿಂಗಳು ಹಿಡಿಯುವುದು ಸಾಮಾನ್ಯ. ಕೋಶಗಳು ವಿದೇಶದಿಂದ ಬರಬೇಕಾದರೆ ಅದಕ್ಕೇ ಹಲವು ಲಕ್ಷ ರೂಪಾಯಿ. ತೀವ್ರ ಲ್ಯುಕೇಮಿಯಾ ಅಷ್ಟು ಕಾಯುವ ರೋಗವಲ್ಲ.

ಮೂರನೆಯದು ಹೊಕ್ಕುಳಬಳ್ಳಿಯ ರಕ್ತ. 1988ರಲ್ಲಿ ಪ್ಯಾರಿಸ್‌ನಲ್ಲಿ ಒಂದು ಮಗುವಿನ ಮೇಲೆ ಮೊದಲ ಬಾರಿಗೆ ಯಶಸ್ವಿಯಾದ ಈ ವಿಧಾನ ವಯಸ್ಕರಿಗೆ ಒಗ್ಗುವುದು ಕಷ್ಟ. ಒಂದು ಚೀಲದಲ್ಲಿನ ಕೋಶಗಳ ಸಂಖ್ಯೆ ದೊಡ್ಡ ದೇಹಕ್ಕೆ ಸಾಲದು, ಹೊಸ ರಕ್ತ ಮೂಡುವುದೂ ನಿಧಾನ. ನಗರದ ದಂಪತಿಗೆ ಹೆರಿಗೆಯ ಹೊತ್ತಿನಲ್ಲಿ ಹೊಕ್ಕುಳಬಳ್ಳಿ ರಕ್ತವನ್ನು ಸಾವಿರಾರು ರೂಪಾಯಿ ಕೊಟ್ಟು ಕಾದಿಡುವಂತೆ ಖಾಸಗಿ ಬ್ಯಾಂಕುಗಳು ಜಾಹೀರಾತು ನೀಡುತ್ತವೆ. ಮಗುವಿಗೆ ಮುಂದೆ ಲ್ಯುಕೇಮಿಯಾ ಬಂದರೆ ಅದೇ ಮಗುವಿನ ರಕ್ತ ಬಳಕೆಗೆ ಬರುವುದು ತೀರಾ ಅಪರೂಪ. ರೋಗದ ಬೀಜ ಅದರಲ್ಲಿಯೇ ಇರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇಂಥ ಖಾಸಗಿ ಶೇಖರಣೆಯನ್ನು ಶಿಫಾರಸು ಮಾಡುವುದಿಲ್ಲ. ವ್ಯಾಪಾರಕ್ಕೆ ಭಯದಷ್ಟು ಒಳ್ಳೆಯ ಬಂಡವಾಳ ಇನ್ನೊಂದಿಲ್ಲ.

ಅರ್ಧ ಹೊಂದಿದರೂ ಸಾಕು

ಚರ್ಚೆಯ ದಿಕ್ಕನ್ನೇ ಬದಲಿಸಿದ್ದು ನಾಲ್ಕನೆಯ ಬಾಗಿಲು: ಅರ್ಧ ಹೊಂದಾಣಿಕೆಯ ಕಸಿ, ಆಸ್ಪತ್ರೆಗಳಲ್ಲಿ ಹ್ಯಾಪ್ಲೊ ಎಂದೇ ಪರಿಚಿತ. ತಂದೆ, ತಾಯಿ, ಮಕ್ಕಳು ಯಾವಾಗಲೂ ಅರ್ಧ ಹೊಂದುತ್ತಾರೆ. ಒಡಹುಟ್ಟಿದವರು ಅರ್ಧ ಹೊಂದುವ ಸಂಭವ ಎರಡರಲ್ಲಿ ಒಂದು. ಹಿಂದೆ ಇಂಥ ಕಸಿ ಮಾಡಿದರೆ ಜಿವಿಎಚ್‌ಡಿಯ ಹೊಡೆತದಿಂದಲೇ ಅನೇಕರು ಸಾಯುತ್ತಿದ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಕಂಡುಕೊಂಡ ಉಪಾಯ ಆಶ್ಚರ್ಯ ಹುಟ್ಟಿಸುವಷ್ಟು ಸರಳ. ಕಸಿಯಾದ ಮೂರು ಮತ್ತು ನಾಲ್ಕನೆಯ ದಿನ ಸೈಕ್ಲೊಫಾಸ್ಫಮೈಡ್ ಎಂಬ ಔಷಧ ನೀಡಿದರೆ, ರೋಗಿಯ ದೇಹವನ್ನು ಕಂಡು ಕೆರಳಿ ವೇಗವಾಗಿ ವಿಭಜನೆಗೊಳ್ಳುತ್ತಿರುವ ದಾಳಿಕೋರ ಕೋಶಗಳು ನಾಶವಾಗುತ್ತವೆ. ಶಾಂತವಾಗಿರುವ ಆಕರಕೋಶಗಳು ಉಳಿದುಕೊಳ್ಳುತ್ತವೆ. 1959ರಿಂದಲೂ ಬಳಕೆಯಲ್ಲಿರುವ, ಭಾರತದಲ್ಲಿ ಅಗ್ಗವಾಗಿ ಸಿಗುವ ಔಷಧ ಅದು. ದುಬಾರಿ ಯಂತ್ರಗಳಿಂದ ಕೋಶಗಳನ್ನು ಸೋಸುವ ವಿಧಾನಗಳು ಇದರ ಮುಂದೆ ಹಿಂದೆ ಸರಿದವು. ಬೀಜಿಂಗ್‌ನ ವೈದ್ಯರು ಬೇರೊಂದು ಔಷಧ ಕ್ರಮದಿಂದ ಇದೇ ಗುರಿ ಮುಟ್ಟಿದ್ದಾರೆ.

ಅಂಕಿ ಅಂಶಗಳು ಏನು ಹೇಳುತ್ತವೆ? ಮೈಲಾಯ್ಡ್ ಲ್ಯುಕೇಮಿಯಾದ ಎರಡು ಸಾವಿರಕ್ಕೂ ಹೆಚ್ಚು ವಯಸ್ಕರ ದಾಖಲೆಗಳನ್ನು ತುಲನೆ ಮಾಡಿದ 2015ರ ಅಧ್ಯಯನದಲ್ಲಿ, ಪ್ರಬಲ ಪೂರ್ವಚಿಕಿತ್ಸೆ ಪಡೆದವರಲ್ಲಿ ಮೂರು ವರ್ಷ ಬದುಕುಳಿದವರ ಪ್ರಮಾಣ ಅರ್ಧ ಹೊಂದಾಣಿಕೆಯಲ್ಲಿ ಶೇ 45, ಪೂರ್ಣ ಹೊಂದುವ ಸಂಬಂಧವಿಲ್ಲದ ದಾನಿಯಲ್ಲಿ ಶೇ 50. ಮಂದ ಪೂರ್ವಚಿಕಿತ್ಸೆಯಲ್ಲಿ ಅನುಕ್ರಮವಾಗಿ ಶೇ 46 ಮತ್ತು ಶೇ 44. ಈ ಅಂತರಗಳು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಅರ್ಥಪೂರ್ಣವಾದವಲ್ಲ. ಹೊಕ್ಕುಳಬಳ್ಳಿ ರಕ್ತ ಮತ್ತು ಅರ್ಧ ಹೊಂದಾಣಿಕೆಯನ್ನು ಮುಖಾಮುಖಿಯಾಗಿಸಿ, 368 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ವರ್ಷ ಬದುಕುಳಿದವರು ಮೊದಲನೆಯದರಲ್ಲಿ ಶೇ 46, ಎರಡನೆಯದರಲ್ಲಿ ಶೇ 57. ಇನ್ನೂ ಸೋಜಿಗದ ಸಂಗತಿಯೆಂದರೆ, ಅರ್ಧ ಹೊಂದಾಣಿಕೆಗಾಗಿ ಹುಟ್ಟಿದ ಈ ಸೈಕ್ಲೊಫಾಸ್ಫಮೈಡ್ ಕ್ರಮ ಪೂರ್ಣ ಹೊಂದುವ ದಾನಿಗಳಿದ್ದಾಗಲೂ ಹಳೆಯ ಕ್ರಮಕ್ಕಿಂತ ಮೇಲು ಎಂದು 2023ರ ಪ್ರಯೋಗವೊಂದು ತೋರಿಸಿತು: ತೀವ್ರ ಜಿವಿಎಚ್‌ಡಿಯಾಗಲಿ ಮರುಕಳಿಕೆಯಾಗಲಿ ಇಲ್ಲದೆ ಒಂದು ವರ್ಷ ಕಳೆದವರು ಸುಮಾರು ಶೇ 53, ಹಳೆಯ ಕ್ರಮದಲ್ಲಿ ಶೇ 35.

ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಅರ್ಧದಷ್ಟು ಮಂದಿ ಉಳಿದರು ಎಂದರೆ ಅರ್ಧದಷ್ಟು ಮಂದಿ ಉಳಿಯಲಿಲ್ಲ ಎಂದೂ ಅರ್ಥ. ಕಸಿ ಪವಾಡವಲ್ಲ. ಯಾವ ದಾನಿ ಎಂಬುದಕ್ಕಿಂತ, ಕಸಿಯ ದಿನ ದೇಹದಲ್ಲಿ ರೋಗ ಎಷ್ಟು ಅಡಗಿತ್ತು ಎಂಬುದೇ ಫಲಿತಾಂಶವನ್ನು ಹೆಚ್ಚು ನಿರ್ಧರಿಸುತ್ತದೆ. ಪೂರ್ವಚಿಕಿತ್ಸೆಯ ತೀವ್ರತೆಯೂ ಹಾಗೆಯೇ. ವಯಸ್ಸಾದವರಿಗೆ ಮಂದ ಕ್ರಮ ಸಹನೀಯ, ಆದರೆ ಅದಕ್ಕೆ ಬೆಲೆಯಿದೆ. 2017ರಲ್ಲಿ ಪ್ರಕಟವಾದ 272 ರೋಗಿಗಳ ಪ್ರಯೋಗದಲ್ಲಿ 18 ತಿಂಗಳೊಳಗೆ ರೋಗ ಮರುಕಳಿಸಿದ್ದು ಮಂದ ಕ್ರಮದವರಲ್ಲಿ ಶೇ 48, ಪ್ರಬಲ ಕ್ರಮದವರಲ್ಲಿ ಶೇ 13.5. ಕೋಶಗಳನ್ನು ಎಲ್ಲಿಂದ ತೆಗೆಯುವುದು ಎಂಬುದೂ ಆಯ್ಕೆಯೇ. ಐದು ದಿನ ಚುಚ್ಚುಮದ್ದು ನೀಡಿ ತೋಳಿನ ರಕ್ತದಿಂದ ಸಂಗ್ರಹಿಸುವುದು ಇಂದಿನ ಸಾಮಾನ್ಯ ಪದ್ಧತಿ. ಅರಿವಳಿಕೆ ನೀಡಿ ಸೊಂಟದ ಮೂಳೆಯಿಂದ ತೆಗೆಯುವುದು ಹಳೆಯದು. ಸಂಬಂಧವಿಲ್ಲದ ದಾನಿಗಳ 2012ರ ಪ್ರಯೋಗದಲ್ಲಿ ಬದುಕುಳಿಯುವ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಆದರೆ ದೀರ್ಘಕಾಲದ ಜಿವಿಎಚ್‌ಡಿ ರಕ್ತದ ಕೋಶ ಪಡೆದವರಲ್ಲಿ ಶೇ 53, ಮಜ್ಜೆ ಪಡೆದವರಲ್ಲಿ ಶೇ 41. ವರ್ಷಗಟ್ಟಲೆ ಚರ್ಮ ಬಿಗಿದು, ಕಣ್ಣು ಒಣಗಿ ನರಳುವ ರೋಗಿಗೆ ಈ 12 ಅಂಕಗಳ ವ್ಯತ್ಯಾಸ ಸಣ್ಣದಲ್ಲ.

ಮನೆಯೊಳಗಿನ ಆಯ್ಕೆ

ತೆರಕಣಾಂಬಿ ಹೋಬಳಿಯಲ್ಲಿ ಬಾಳೆ, ಅರಿಶಿನ ಬೆಳೆಯುವ 45 ವರ್ಷದ ಕೃಷಿಕರೊಬ್ಬರಿಗೆ ಹೆಚ್ಚು ಅಪಾಯದ ಮೈಲಾಯ್ಡ್ ಲ್ಯುಕೇಮಿಯಾ ಎಂದು ಊಹಿಸಿಕೊಳ್ಳಬಹುದು. ಮನೆಯಲ್ಲಿ 68ರ ತಾಯಿ, ಸಕ್ಕರೆ ಕಾಯಿಲೆ ಇರುವ ಅಣ್ಣ, ಪದವಿ ಓದುತ್ತಿರುವ 20ರ ಮಗಳು. ಅಣ್ಣ ಪೂರ್ಣ ಹೊಂದಿದರೆ, ದಾನ ಮಾಡುವಷ್ಟು ಆರೋಗ್ಯವಿದ್ದರೆ, ಹೆಚ್ಚಿನ ವೈದ್ಯರು ಇಂದಿಗೂ ಮೊದಲು ನೋಡುವುದು ಅವರನ್ನೇ. ಹೊಂದದಿದ್ದರೆ ಮಗಳು. ಕಿರಿಯ ದಾನಿಯ ಕೋಶಗಳು ಉತ್ತಮ ಎಂಬುದು ಸಾಮಾನ್ಯ ಅನುಭವ. ಗಂಡು ರೋಗಿಗೆ ಹಲವು ಹೆರಿಗೆಗಳಾದ ಹೆಣ್ಣು ದಾನಿಯಿಂದ ಜಿವಿಎಚ್‌ಡಿ ಅಪಾಯ ಹೆಚ್ಚುವುದರಿಂದ ತಾಯಿ ಪಟ್ಟಿಯ ಕೊನೆಗೆ ಹೋಗುತ್ತಾರೆ. ರೋಗಿಯ ರಕ್ತದಲ್ಲಿ ದಾನಿಯ ವಿರುದ್ಧ ಪ್ರತಿಕಾಯಗಳಿವೆಯೇ ಎಂಬ ಪರೀಕ್ಷೆಯನ್ನು ಅರ್ಧ ಹೊಂದಾಣಿಕೆಯಲ್ಲಿ ಬಿಡುವಂತಿಲ್ಲ. ಇದ್ದರೆ ಕಸಿ ಹಿಡಿಯದೇ ಹೋಗಬಹುದು.

ವಿಜ್ಞಾನ ಇಲ್ಲಿಗೆ ನಿಲ್ಲುತ್ತದೆ, ಮನೆಯ ಮಾತು ಶುರುವಾಗುತ್ತದೆ. ‘ಮದುವೆಯಾಗದ ಹುಡುಗಿ, ಮೂಳೆಯಿಂದ ತೆಗೆದರೆ ನಾಳೆ ಗತಿಯೇನು?’ ಎಂದು ಅಜ್ಜಿ ಕೇಳಬಹುದು; ಅತ್ತೆ ಮನೆಯವರು ಏನೆನ್ನುತ್ತಾರೆ ಎಂದು ಚಿಕ್ಕಪ್ಪ ಅನುಮಾನಿಸಬಹುದು. ದಾನಿಯ ಮಜ್ಜೆ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ, ಸಂತಾನಶಕ್ತಿಗೆ ಧಕ್ಕೆಯಿಲ್ಲ, ಚುಚ್ಚುಮದ್ದಿನ ದಿನಗಳಲ್ಲಿ ಮೈಕೈ ನೋವು ಸಾಮಾನ್ಯ, ಗಂಭೀರ ತೊಂದರೆ ಅಪರೂಪ ಎಂಬುದನ್ನು ಈ ಮನೆಗೆ ಕನ್ನಡದಲ್ಲಿ, ಸಾವಧಾನವಾಗಿ, ಅಜ್ಜಿಯನ್ನೂ ಕೂರಿಸಿಕೊಂಡು ಹೇಳುವವರು ಬೇಕು. ದೊಡ್ಡ ಆಸ್ಪತ್ರೆಗಳ ಹತ್ತು ನಿಮಿಷದ ಸಮಾಲೋಚನೆಯಲ್ಲಿ ಇದಕ್ಕೆ ಜಾಗವಿಲ್ಲ. ಒತ್ತಾಯದಿಂದ ಪಡೆದ ದಾನ ದಾನವಾಗುವುದಿಲ್ಲ ಎಂಬುದನ್ನೂ ಅದೇ ಮಾತಿನಲ್ಲಿ ಹೇಳಬೇಕು. ‘ಬೇಡ’ ಎನ್ನುವ ಹಕ್ಕು ಆ ಹುಡುಗಿಗಿದೆ.

ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. ರೋಗಿಗೆ ರಕ್ತ ಬೇಕು ಎಂದಾಗ ಮೊದಲು ತೋಳು ಚಾಚುವವರು ಮನೆಯವರೇ. ಆದರೆ ಮುಂದೆ ಕಸಿಗೆ ದಾನಿಯಾಗಬಹುದಾದ ಅಣ್ಣನೋ ಮಗಳೋ ಈಗ ರಕ್ತ ಕೊಟ್ಟರೆ, ರೋಗಿಯ ದೇಹ ಅವರ ಗುರುತುಗಳ ವಿರುದ್ಧವೇ ಪ್ರತಿಕಾಯ ಬೆಳೆಸಿಕೊಳ್ಳಬಹುದು. ಪ್ರೀತಿಯಿಂದ ಕೊಟ್ಟ ಒಂದು ಬಾಟಲಿ ರಕ್ತ ಮುಂದಿನ ಬಾಗಿಲನ್ನು ಮುಚ್ಚುವ ಸಾಧ್ಯತೆ ಇದೆ. ರಕ್ತ ನೆರೆಹೊರೆಯವರಿಂದ, ಸ್ವಯಂಸೇವಕರಿಂದ ಬರಲಿ; ಮನೆಯವರು ಕಾದಿರಲಿ.

580 ಕಿಲೋಮೀಟರ್

ದಾನಿಯ ಸಮಸ್ಯೆ ಹೀಗೆ ಬಗೆಹರಿದಿದ್ದರೂ ಕಸಿಯ ತನಕ ತಲುಪುವವರು ಎಷ್ಟು ಮಂದಿ? ವೆಲ್ಲೂರಿನ ವೈದ್ಯರು 2012ರಲ್ಲಿ ತಮ್ಮಲ್ಲಿ ಮೈಲಾಯ್ಡ್ ಲ್ಯುಕೇಮಿಯಾ ಪತ್ತೆಯಾದ 380 ರೋಗಿಗಳನ್ನು ಹಿಂಬಾಲಿಸಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ನಿರ್ದಾಕ್ಷಿಣ್ಯವಾದ ಉತ್ತರ ಕೊಡುತ್ತದೆ. ರೋಗಿಗಳ ಮಧ್ಯಮಾಂಕ ವಯಸ್ಸು 40, ಅಂದರೆ ದುಡಿಯುವ ವಯಸ್ಸು. ಮನೆಯಿಂದ ಆಸ್ಪತ್ರೆಗೆ ಮಧ್ಯಮಾಂಕ ದೂರ 580 ಕಿಲೋಮೀಟರ್. ಪೂರ್ಣ ಪ್ರಮಾಣದ ಮೊದಲ ಸುತ್ತಿನ ಚಿಕಿತ್ಸೆಗೆ ದಾಖಲಾದವರು 109 ಮಂದಿ ಮಾತ್ರ. ಉಳಿದವರಲ್ಲಿ ಹೆಚ್ಚಿನವರು ಹಿಂದಿರುಗಲು ಕಾರಣ ಹಣ. ಆ 109ರಲ್ಲಿ 27 ಮಂದಿ ಮೊದಲ ಸುತ್ತಿನಲ್ಲಿಯೇ ತೀರಿಕೊಂಡರು. ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ ಸೋಂಕು ಮುಖ್ಯ ಕಾರಣಗಳು. ದಾನಿ ಹೊಂದುತ್ತಾರೆಯೇ ಎಂಬ ಪ್ರಶ್ನೆ ಬರುವುದಕ್ಕೆ ಮುಂಚೆಯೇ ನಾಲ್ವರಲ್ಲಿ ಮೂವರು ಸಾಲಿನಿಂದ ಹೊರಬಿದ್ದಿದ್ದರು.

ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿಲೋಮೀಟರ್, ಬೆಂಗಳೂರು ಸುಮಾರು 200. ಬಂಡೀಪುರ, ವಯನಾಡು ದಾಟಿದರೆ ಕೋಯಿಕ್ಕೋಡ್ ಇನ್ನೂ ಹತ್ತಿರ, ಸುಮಾರು 150. ಆದರೆ ಆ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ, ತುರ್ತು ವಾಹನಗಳಿಗೆ ವಿನಾಯಿತಿ ಇದೆ. ಚಾಮರಾಜನಗರದಿಂದ ತಿರುಪತಿಗೆ ಹೊರಡುವ ರೈಲು ಮೈಸೂರು, ಬೆಂಗಳೂರು ಹಾದು ವೆಲ್ಲೂರಿನ ಕಾಟ್ಪಾಡಿಯ ಮೂಲಕ ಹೋಗುತ್ತದೆ. ತಿಮ್ಮಪ್ಪನ ಭಕ್ತರ ಜೊತೆ ರೋಗಿಗಳಿಗೂ ಅದು ಒಂದು ದಾರಿ. ಕಿಲೋಮೀಟರ್ ಲೆಕ್ಕದಲ್ಲಿ ಇವೆಲ್ಲ ಅಸಾಧ್ಯ ದೂರಗಳಲ್ಲ. ಆದರೆ ಕಸಿಯಾದವರು ಮೊದಲ ನೂರು ದಿನ ಆಸ್ಪತ್ರೆಯ ಹತ್ತಿರವೇ ಇರಬೇಕು. ಜ್ವರ ಬಂದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಸಿಗಬೇಕು. ನೂರು ದಿನ ಎಂದರೆ ಬೆಂಗಳೂರಿನಲ್ಲಿ ಬಾಡಿಗೆ ಕೋಣೆ, ಶುದ್ಧ ಅಡುಗೆ, ಕೆಲಸ ಬಿಟ್ಟು ಜೊತೆಗಿರುವ ಒಬ್ಬರು, ಊರಿನಲ್ಲಿ ನೀರು ಕಾಣದ ಬೆಳೆ. ಶಕ್ತಿ ಯೋಜನೆಯಿಂದ ಹೆಂಡತಿಯ ಬಸ್ ಪ್ರಯಾಣ 2023ರಿಂದ ಉಚಿತವಾಗಿರಬಹುದು. ರೋಗನಿರೋಧಕ ಶಕ್ತಿಯೇ ಇಲ್ಲದ ಗಂಡನನ್ನು ಆ ಕಿಕ್ಕಿರಿದ ಬಸ್ಸಿನಲ್ಲಿ ಕರೆತರುವಂತಿಲ್ಲ.

ಹಣದ ಲೆಕ್ಕ ಇನ್ನೂ ಕಠಿಣ. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಪೂರ್ಣ ಹೊಂದುವ ಒಡಹುಟ್ಟಿದವರಿಂದ ಕಸಿ ಎಂದರೆ ಸಾಮಾನ್ಯವಾಗಿ 10ರಿಂದ 15 ಲಕ್ಷ ರೂಪಾಯಿ. ಅರ್ಧ ಹೊಂದಾಣಿಕೆಯಲ್ಲಿ ಸೋಂಕುಗಳ ಕಾಟ ಹೆಚ್ಚಾದ್ದರಿಂದ 15ರಿಂದ 25 ಲಕ್ಷ, ತೊಡಕಾದರೆ ಇನ್ನೂ ಮೇಲೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ; ಉಳಿದವರಿಗೆ ಪ್ಯಾಕೇಜ್ ದರದ ಶೇ 30, ಗರಿಷ್ಠ 1.5 ಲಕ್ಷ. ಕಸಿಗೆ ಮುಂಚಿನ ಕೀಮೋಥೆರಪಿಯಲ್ಲಿಯೇ ಈ ಮಿತಿಯ ದೊಡ್ಡ ಪಾಲು ಕರಗಬಹುದು. ಬಿಪಿಎಲ್ ಕಾರ್ಡ್ ಇಲ್ಲದ, ವಿಮೆಯೂ ಇಲ್ಲದ ಮಧ್ಯಮ ವರ್ಗದ ಕುಟುಂಬ ಇಲ್ಲಿ ಎಲ್ಲರಿಗಿಂತ ಹೆಚ್ಚು ಒಂಟಿ. ಸರ್ಕಾರಿ ವಲಯದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಈಚಿನ ವರ್ಷಗಳಲ್ಲಿ ಕಸಿ ಘಟಕ ಆರಂಭಿಸಿರುವುದು ದೊಡ್ಡ ಹೆಜ್ಜೆ. ಆದರೆ ಕಸಿ ಕೋಣೆಗಳು ಬೆರಳೆಣಿಕೆಯವು, ಒಬ್ಬ ರೋಗಿ ಒಂದು ಕೋಣೆಯನ್ನು ಮೂರು ನಾಲ್ಕು ವಾರ ಬಳಸುತ್ತಾನೆ. ಹೊರರಾಜ್ಯದ ಆಸ್ಪತ್ರೆ ಆರಿಸುವವರು ತಮ್ಮ ಕಾರ್ಡ್ ಅಲ್ಲಿ ನಡೆಯುತ್ತದೆಯೇ, ಕಸಿಯ ಪ್ಯಾಕೇಜ್ ಆ ಆಸ್ಪತ್ರೆಗೆ ಇದೆಯೇ ಎಂಬುದನ್ನು ಹೊರಡುವ ಮುನ್ನವೇ ವಿಚಾರಿಸಿಕೊಳ್ಳುವುದು ಒಳಿತು.

ಔಷಧ ವಿಜ್ಞಾನ ಈ ನಡುವೆ ಬೇರೆ ದಾರಿಗಳನ್ನೂ ತೆರೆಯುತ್ತಿದೆ. ಕಸಿ ತಾಳಲಾರದ ವೃದ್ಧರಿಗೆ ಅಝಾಸಿಟಿಡಿನ್ ಜೊತೆ ವೆನೆಟೊಕ್ಲಾಕ್ಸ್ ಮಾತ್ರೆ ಆಯುಷ್ಯವನ್ನು ಹಿಗ್ಗಿಸುತ್ತದೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಸಂಶೋಧನೆಯಿಂದ ಹುಟ್ಟಿದ ನೆಕ್ಸ್‌ಕಾರ್19 ಎಂಬ ದೇಶೀ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ದೊರೆಯಿತು. ಅದು ಮರುಕಳಿಸಿದ ಬಿ ಕೋಶದ ಕ್ಯಾನ್ಸರ್‌ಗಳಿಗೆ, ಮೈಲಾಯ್ಡ್ ಲ್ಯುಕೇಮಿಯಾಗೆ ಅಲ್ಲ.

ಜಿಲ್ಲೆ ಮಾಡಬಹುದಾದದ್ದು

ಚಾಮರಾಜನಗರದಲ್ಲಿ ಕಸಿ ಕೇಂದ್ರ ಬೇಕು ಎಂಬ ಬೇಡಿಕೆ ಭಾಷಣಕ್ಕೆ ಚೆಂದ. ಆದರೆ ವರ್ಷಕ್ಕೆ ಬೆರಳೆಣಿಕೆಯ ಕಸಿ ಮಾಡುವ ಘಟಕ ರೋಗಿಗೆ ಅಪಾಯಕಾರಿ. ಈ ಕೆಲಸದಲ್ಲಿ ಅನುಭವವೇ ಸುರಕ್ಷತೆ. ಜಿಲ್ಲೆಗೆ ಬೇಕಾಗಿರುವುದು ಕಸಿಯ ಮುಂಚಿನ ಮತ್ತು ನಂತರದ ಕೊಂಡಿ.

ಮೊದಲನೆಯದು ಪತ್ತೆ. ಜ್ವರ, ಸುಸ್ತು, ವಸಡಿನಲ್ಲಿ ರಕ್ತ, ಪ್ಲೇಟ್‌ಲೆಟ್ ಕುಸಿತ ಕಂಡರೆ ಮಳೆಗಾಲದಲ್ಲಿ ಎಲ್ಲರ ಬಾಯಲ್ಲೂ ಬರುವ ಹೆಸರು ಡೆಂಗಿ. ಯಂತ್ರದ ವರದಿಯನ್ನಷ್ಟೇ ನಂಬದೆ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಪಕ್ವ ಕೋಶಗಳು ಹೆಚ್ಚಿನ ರೋಗಿಗಳಲ್ಲಿ ಕಣ್ಣಿಗೆ ಬೀಳುತ್ತವೆ. ಕೆಲವು ನೂರು ರೂಪಾಯಿಯ ಪರೀಕ್ಷೆ ಇದು. 2016ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಜಿಲ್ಲೆಯಲ್ಲಿದೆ. ತಾಲ್ಲೂಕು ಆಸ್ಪತ್ರೆಗಳಿಂದ ಸ್ಲೈಡ್‌ಗಳ ಚಿತ್ರಗಳನ್ನು ಅಲ್ಲಿಗೆ ಅದೇ ದಿನ ಕಳುಹಿಸುವ ಏರ್ಪಾಟಿಗೆ ಕೋಟಿಗಳು ಬೇಕಿಲ್ಲ. ಲಿಂಫಾಯ್ಡ್ ಲ್ಯುಕೇಮಿಯಾದಲ್ಲಿ ಪತ್ತೆಗೆ ಮುಂಚೆ ಸುಮ್ಮನೆ ಸ್ಟೀರಾಯ್ಡ್ ಕೊಟ್ಟುಬಿಟ್ಟರೆ ರೋಗದ ಗುರುತೇ ಮಸುಕಾಗುತ್ತದೆ. ಸಣ್ಣ ಊರುಗಳ ಕ್ಲಿನಿಕ್‌ಗಳಿಗೆ ಈ ತಿಳಿವಳಿಕೆ ತಲುಪಬೇಕು.

ಎರಡನೆಯದು ರಕ್ತ. ಪ್ಲೇಟ್‌ಲೆಟ್‌ಗಳ ಆಯುಷ್ಯ ಐದು ದಿನ. ಕಸಿಯಾದವರಿಗೆ ಕೊಡುವ ರಕ್ತಕ್ಕೆ ವಿಕಿರಣದ ಸಂಸ್ಕರಣೆ ಆಗಬೇಕು, ಇಲ್ಲವಾದರೆ ಅದೇ ಮಾರಕವಾಗಬಹುದು. ಮನೆಗೆ ಮರಳಿದ ರೋಗಿಗೆ ತುರ್ತಾಗಿ ರಕ್ತ ಏರಿಸುವ ವೈದ್ಯರಿಗೆ ಈ ವಿಷಯ ಗೊತ್ತಿರಬೇಕಾದರೆ ರೋಗಿಯ ಕೈಯಲ್ಲಿ ಅದನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದ ಒಂದು ಕಾರ್ಡ್ ಇದ್ದರೂ ಸಾಕು.

ಮೂರನೆಯದು ನೂರು ದಿನಗಳ ನಂತರದ ಕಾಲ. ಔಷಧದ ಮಟ್ಟ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ, ಹೊಸದಾಗಿ ಹಾಕಬೇಕಾದ ಲಸಿಕೆಗಳು, ಇವಕ್ಕಾಗಿ ಪ್ರತಿ ಬಾರಿ ಬೆಂಗಳೂರಿಗೆ ಓಡುವ ಬದಲು, ಪ್ರಸ್ತಾವಿತ ಹಗಲು ಆರೈಕೆ ಕೇಂದ್ರಕ್ಕೆ ಈ ಹೊಣೆಯನ್ನು ಸೇರಿಸಬಹುದು. ಕೀಮೋಥೆರಪಿಗಾಗಿ ಹಾಕುವ ಅದೇ ಹಾಸಿಗೆ, ಅದೇ ದಾದಿ, ಕಸಿ ಕೇಂದ್ರದ ವೈದ್ಯರೊಡನೆ ಒಂದು ವಿಡಿಯೊ ಸಂಪರ್ಕ. 2021ರ ಮೇ ತಿಂಗಳ ಆ ರಾತ್ರಿ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕಕ್ಕಾಗಿ ಮೈಸೂರಿನ ಕಡೆ ನೋಡುತ್ತ ರೋಗಿಗಳು ಪ್ರಾಣಬಿಟ್ಟ ಮೇಲೆ, ಎಲ್ಲದಕ್ಕೂ ಪಕ್ಕದ ಜಿಲ್ಲೆಯನ್ನು ನೆಚ್ಚಿಕೊಳ್ಳುವುದು ಎಂದರೇನು ಎಂಬುದನ್ನು ಈ ಜಿಲ್ಲೆಗೆ ಯಾರೂ ವಿವರಿಸಬೇಕಿಲ್ಲ.

ಹಗಲು ಆರೈಕೆ ಕೇಂದ್ರಗಳ ಕಾರ್ಯಸೂಚಿಯಲ್ಲಿ ರಕ್ತ ಕ್ಯಾನ್ಸರ್‌ನ ಈ ಮುಂಚಿನ ಮತ್ತು ನಂತರದ ಕೆಲಸಗಳಿಗೆ ಒಂದು ಸಾಲು ಸೇರಿಸುವುದು, ಅರ್ಧ ಹೊಂದಾಣಿಕೆಯ ಕಸಿಗೆ ವಾಸ್ತವ ದರದ ಪ್ಯಾಕೇಜ್ ನಿಗದಿಪಡಿಸುವುದು, ನೂರು ದಿನಗಳ ವಸತಿಯನ್ನೂ ಚಿಕಿತ್ಸೆಯ ಭಾಗವೆಂದು ಎಣಿಸುವುದು, ಈ ಮೂರೂ ಆರೋಗ್ಯ ಇಲಾಖೆ ಮತ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಕೈಯಲ್ಲಿರುವ ತೀರ್ಮಾನಗಳು. ತೆರಕಣಾಂಬಿಯ ಆ ಕೃಷಿಕನಿಗೆ ಮೊದಲ ಉಪಶಮನ ಸಿಕ್ಕ ದಿನದಿಂದ ಕಸಿಗೆ ಉಳಿಯುವ ಅವಕಾಶ ಎರಡು ಮೂರು ತಿಂಗಳು.